ಜುಂಜ ಗೇರ್‌ಬಾಕ್ಸಿನ ಪಟ್ಟಿ ಬಿಗಿದ ಕತೆ

ಟೀ ಆರೋದ್ರೊಳಗೆ ಮುಗಿಯೋ ಕತೆ ಅಲ್ಲ ಇದು. ಕೂತಿರೋರು ಬೆಂಚಿನ ಮೇಲೆ ಸರಿಯಾಗಿ ಕೂತ್ಕೊಳ್ಳಿ, ನಿಂತಿರೋರು ಗೋಡೆಗೆ ಒರಗಿ. ಆಮೇಲೆ ನಕ್ಕು ಬಿದ್ರೆ ನನ್ನನ್ನ ಕೇಳಬೇಡಿ.

ನಮ್ಮ ಶಿರಾದ ಹೈವೇ ಪಕ್ಕ ಲಾರಿ ಗ್ಯಾರೇಜುಗಳ ಸಾಲು. ಸಾಲಿನ ಎದುರಿಗೆ ಈ ನನ್ನ ಟೀ ಅಂಗಡಿ, ಸಾಲಿನ ಹಿಂದೆ ಒಂದು ಓಣಿ. ಓಣೀಲಿ ಒಂದೇ ಮೋಟು ಗೋಡೆ ನಡುವೆ ಇಟ್ಕೊಂಡ ಎರಡು ಮನೆ. ಈ ಕಡೆ ಮನೇಲಿ ಕೆಂಚಮ್ಮ, ಆ ಕಡೆ ಮನೇಲಿ ಅವಳ ವಾರಗಿತ್ತಿ ಸಾಕಮ್ಮ. ಅಣ್ಣನ ಹೆಂಡ್ತಿ ಕೆಂಚಮ್ಮ, ತಮ್ಮನ ಹೆಂಡ್ತಿ ಸಾಕಮ್ಮ. ಇಬ್ಬರ ಗಂಡಂದಿರೂ ತೀರಿಹೋಗಿದ್ರು. ಇಬ್ಬರಿಗೂ ಒಬ್ಬೊಬ್ಬನೇ ಮಗ. ಆದ್ರೆ ಹೊಟ್ಟೆಕಿಚ್ಚು ಮಾತ್ರ ಊರಿಗೆಲ್ಲ ಹಂಚಿದ್ರೂ ಮಿಗೋ ಅಷ್ಟು. ಸಾಕಮ್ಮನ ಮನೇಲಿ ಒಗ್ಗರಣೆ ಚಟಪಟ ಅಂದ್ರೆ ಕೆಂಚಮ್ಮನ ಹೊಟ್ಟೆ ಚುರ್ ಅನ್ನೋದು.

ಯಾಕೆ ಅಂತೀರಾ? ಸಾಕಮ್ಮನ ಮಗ ಓಬಳೇಶ ಚುರುಕು. ಲಾರಿ ಸದ್ದು ಕೇಳಿದ್ರೇ ಎಲ್ಲಿ ಕೆಟ್ಟಿದೆ ಅಂತ ಹೇಳೋನು. ಕೆಂಚಮ್ಮನ ಮಗ ಜುಂಜ, ಪೆದ್ದ. ಆಳು ಆನೆ ಹಂಗೆ, ಕೈ ಕಬ್ಬಿಣ, ತಲೆ ಖಾಲಿ ಡಬ್ಬ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. "ಅಕ್ಕಿ ಒಣಗಾಕಿದ್ದೀನಿ, ನೋಡ್ಕೊಂಡಿರ್ಲಾ" ಅಂದ್ರೆ, ಕೋಳಿ ಬಂದು ಅಕ್ಕಿ ಮುಗಿಸೋವರೆಗೂ ಕಣ್ಣು ಮಿಟುಕಿಸದೆ ನೋಡ್ಕೊಂಡಿರೋನು. ಬೈದ್ರೆ ಬೇಜಾರಿಲ್ಲ. "ಹಂಗೇ ಆಗ್ಲಿ, ಇನ್ಮೇಲೆ ಹಂಗೇ ಮಾಡ್ತೀನಿ" ಅಂತ ತಲೆ ಆಡಿಸೋನು. ತಲೆ ದಿಂಬಿಗೆ ತಾಗಿದ್ರೆ ಸಾಕು, ಗೊರಕೆ. ಸುಳ್ಳು ಯಾಕೆ ಹೇಳಲಿ, ಅವನ ನಿದ್ದೆ ಕಂಡ್ರೆ ನನಗೂ ಹೊಟ್ಟೆ ಉರಿಯೋದು.

ಬೀಡಿ ಕಟ್ಟಿ ಮಗನ್ನ ಸಾಕಿದ ಕೆಂಚಮ್ಮನಿಗೆ ಒಂದೇ ಯೋಚನೆ. "ನಾನು ಕಣ್ಣು ಮುಚ್ಚಿದ ಮೇಲೆ ಈ ಮುಂಡೇದಕ್ಕೆ ಮುದ್ದೆ ಹಾಕೋರು ಯಾರು?" ಅಂತ. ಹಂಗಾಗಿ ಬುಡೇನ್ ಸಾಬರ ಕೈಕಾಲು ಹಿಡಿದು, ಅವರ ಗ್ಯಾರೇಜಿಗೆ ಜುಂಜನ್ನ ಸೇರಿಸಿದ್ಲು. ಓಬಳೇಶ ಅಲ್ಲಿ ಮೊದಲೇ ಇದ್ದ.

ಬುಡೇನ್ ಸಾಬರನ್ನ ಎಲ್ಲರೂ ಉಸ್ತಾದ್ ಅಂತಿದ್ರು. ಮಕ್ಕಳಿಲ್ಲ. ವಯಸ್ಸಾಗಿ ಕೈ ನಡುಗೋಕೆ ಶುರುವಾಗಿತ್ತು. ಆ ಹೊತ್ತಿಗೆ ಸರಿಯಾಗಿ ಕಲ್ಲು ಕ್ವಾರಿ ಸಾಹುಕಾರ ಒಬ್ಬ ಹರಾಜಲ್ಲಿ ಹಿಡಿದ ಒಂದು ಲಾರಿ ಎಳೆಸ್ಕೊಂಡು ಬಂದ. ಅದಕ್ಕೆ ಕ್ಲಚ್ಚೇ ಇಲ್ಲ! ಗೇರು ತಾನಾಗೇ ಬೀಳ್ತದೆ! ಸಾಲಿನ ಮೆಕ್ಯಾನಿಕ್ಕುಗಳೆಲ್ಲ ಬಂದು ಬಗ್ಗಿ ನೋಡಿ, ಕೈ ಮುಗಿದು ಹೋದ್ರು. ಕುವೈತ್‌ನಲ್ಲಿ ಇಂಥ ಗಾಡಿ ಬಿಚ್ಚಿ ಬಂದಿದ್ದ ಉಸ್ತಾದ್ ಒಬ್ಬರೇ "ಒಳಗೆ ತಳ್ಳಿ" ಅಂದಿದ್ದು.

ಅವತ್ತೇ ಓಬಳೇಶ, ಜುಂಜ ಇಬ್ಬರನ್ನೂ ಕರೆದು ಹೇಳಿಬಿಟ್ರು, "ನೋಡ್ರಪ್ಪ, ನನ್ನ ಕೈ ಇನ್ನು ಆಗಲ್ಲ. ಈ ಗೇರ್‌ಬಾಕ್ಸು ನೀವಿಬ್ರೂ ಕಟ್ಟಿ. ಯಾರು ಚೆನ್ನಾಗಿ ಕಟ್ತೀರೋ ಅವರ ಕೈಗೆ ಗ್ಯಾರೇಜಿನ ಬೀಗದ ಕೈ."

ಕೆಂಚಮ್ಮನಿಗೆ ಅನ್ನ ಇಳೀಲಿಲ್ಲ. ಜುಂಜನ್ನ ಕೂರಿಸ್ಕೊಂಡು ಹೇಳಿದ್ಲು, "ನೋಡ್ಲಾ ಮಗ, ಆ ಓಬಳೇಶ ನಿನ್ನ ಬಾಯಿಂದ ಎಲ್ಲಾ ತಿಳ್ಕೊಂಡು ಮುಂದಕ್ಕೋಗ್ತಾನೆ. ಗ್ಯಾರೇಜಲ್ಲಿ ಬಾಯಿ ಬಿಡಬ್ಯಾಡ. ಯಾರು ಏನ್ ಕೇಳಿದ್ರೂ ಒಂದು ಮಾತು ಆಡಬ್ಯಾಡ!"

"ಹಂಗೇ ಆಗ್ಲಿ ಅವ್ವ, ಹಂಗೇ ಮಾಡ್ತೀನಿ!"

ಹೋದ. ಗೇರ್‌ಬಾಕ್ಸು ಇಳಿಸೋ ಮೊದಲು ಉಸ್ತಾದ್ ಅದರ ಪಕ್ಕದಲ್ಲಿದ್ದ ಒಂದು ಉದ್ದ ಸ್ಕ್ರೂ ಬಿಚ್ಚಿ ಜುಂಜನ ಕೈಗೆ ಕೊಟ್ರು. "ಇದು ಹೋದ್ರೆ ಇಡೀ ಜಿಲ್ಲೇಲಿ ಸಿಗಲ್ಲ ಬೇಟಾ. ಜೋಪಾನ." ಜುಂಜ ಮುಷ್ಟೀಲಿ ಗಟ್ಟಿಯಾಗಿ ಹಿಡ್ಕೊಂಡ. ಮಧ್ಯಾಹ್ನ ಆಯ್ತು.

"ಜುಂಜ, ಸ್ಕ್ರೂ ಎಲ್ಲಿಟ್ಟೆ?"

ಜುಂಜ ಮಾತಿಲ್ಲ.

"ಲೋ ಜುಂಜ, ಸ್ಕ್ರೂ ಎಲ್ಲೋ?"

ತುಟಿ ಬಿಚ್ಚಲಿಲ್ಲ.

ಶುರುವಾಯ್ತು ಹುಡುಕಾಟ! ಓಬಳೇಶ ಲಾರಿ ಕೆಳಗೆ ತೂರಿದ. ಉಸ್ತಾದ್ ಕಸದ ಬುಟ್ಟಿ ಬೋರಲು ಹಾಕಿದ್ರು. ನಾನು ಟೀ ಅಂಗಡಿ ಬಿಟ್ಟು ಹೋಗಿ ಮೋರಿ ಕೆದಕಿದೆ. ಜುಂಜನೂ ಎಲ್ಲರ ಜೊತೆ ಬಗ್ಗಿ ಬಗ್ಗಿ ಹುಡುಕಿದ, ಒಂದು ಕೈ ಮುಷ್ಟಿ ಕಟ್ಟಿ! ಕೊನೆಗೆ ಬೆವರು ಒರೆಸ್ಕೊಳ್ಳೋಕೆ ಕೈ ಬಿಚ್ಚಿದ, ಟಣ್ ಅಂತ ಬಿತ್ತು ಸ್ಕ್ರೂ.

"ಯಾ ಅಲ್ಲಾ! ಪೆದ್ದೇ! ಕೇಳಿದ್ರೆ ಹೇಳ್ಬೇಕೋ ಬೇಡ್ವೋ?" ಅಂತ ಉಸ್ತಾದ್ ತಲೆ ಚಚ್ಕೊಂಡ್ರು. "ಕೇಳಿದೋರಿಗೆ, ನಿನಗೆ ಗೊತ್ತಿರೋದನ್ನೆಲ್ಲ ಹೇಳ್ಬೇಕು! ಒಂದೂ ಬಿಡದೆ ಹೇಳ್ಬೇಕು!"

"ಹಂಗೇ ಆಗ್ಲಿ ಉಸ್ತಾದ್ರೇ, ಇನ್ಮೇಲೆ ಹಂಗೇ ಮಾಡ್ತೀನಿ!"

ಮಾರನೇ ದಿನ ಮಗನಿಗೆ ಬುತ್ತಿ ತಗೊಂಡು ಸಾಕಮ್ಮ ಗ್ಯಾರೇಜಿಗೆ ಬಂದ್ಲು. ಬಾಗಿಲಲ್ಲೇ ಜುಂಜ ಸಿಕ್ಕಿದ.

"ಏನ್ ಜುಂಜಣ್ಣ, ನಿಮ್ಮವ್ವ ಚೆನ್ನಾಗವ್ಳಾ?"

ಕೇಳಿದ್ಲಲ್ಲ! ಹೇಳ್ಬೇಕಲ್ಲ! ಒಂದೂ ಬಿಡದೆ!

"ಚೆನ್ನಾಗಿಲ್ಲ ಚಿಕ್ಕವ್ವ. ನೀನು ಹೊಸ ಮಿಕ್ಸಿ ತಂದ ದಿನದಿಂದ ಹೊಟ್ಟೆ ಉರಿ ಅಂತವ್ಳೆ. ಆ ಮಿಕ್ಸಿ ಸುಟ್ಟೋಗ್ಲಿ ಅಂತ ಅಮ್ಮನೋರಿಗೆ ಹರಕೆ ಹೊತ್ತವ್ಳೆ. ಸಾಕಿ ಮೂತಿ ನೋಡು, ಹರಳೆಣ್ಣೆ ಕುಡಿದಂಗೈತೆ ಅಂತಾಳೆ. ಓಬಳೇಶಂಗೆ ಹೆಣ್ಣು ಕೊಡಾಕೆ ಬಂದಿದ್ರಲ್ಲ, ಅವ್ರಿಗೆ ಹುಡುಗನ ಎದೇಲಿ ಗೊರಗೊರ ಸದ್ದು ಬತ್ತದೆ ಅಂತ ಹೇಳ್ಕಳಿಸಿದ್ದೂ ನಮ್ಮವ್ವನೇಯಾ!"

ಅವತ್ತು ಸಾಯಂಕಾಲ ಓಣೀಲಿ ಆದ ಜಗಳ ನೋಡಬೇಕಿತ್ತು ನೀವು. ಆ ಕಡೆಯಿಂದ ಸಾಕಮ್ಮ ಪೊರಕೆ ಬೀಸೋಳು, ಈ ಕಡೆಯಿಂದ ಕೆಂಚಮ್ಮ ಮೊರ ಬೀಸೋಳು. ಜಗಳ ಮುಗಿಸಿ ಒಳಗೆ ಬಂದ ಕೆಂಚಮ್ಮ ಮಗನ ಬೆನ್ನಿಗೆ ನಾಲ್ಕು ಬಿಟ್ಲು.

"ಅಯ್ಯೋ ನನ್ನ ಪೆದ್ದೇ! ಮಾನ ಹರಾಜ್ ಹಾಕಿದೆಯಲ್ಲೋ! ಒಳಗಿರೋದನ್ನ ಹೊರಗೆ ಹಾಕ್ತಾರೇನ್ಲಾ? ಇನ್ಮೇಲೆ ಒಳಗಿರೋದು ಒಂದು ತೊಟ್ಟೂ ಹೊರಗೆ ಬರಕೂಡ್ದು!"

"ಹಂಗೇ ಆಗ್ಲಿ ಅವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಬೆಳಗ್ಗೆ ಉಸ್ತಾದ್ ಹೇಳಿದ್ರು, "ಬೇಟಾ, ಗೇರ್‌ಬಾಕ್ಸಿನ ಹಳೇ ಎಣ್ಣೆ ಇಳಿಸು. ಕರೀ ಬಣ್ಣ ಬಂದೈತೆ, ಸುಟ್ಟ ವಾಸನೆ." ಹೇಳಿ ನಮಾಜಿಗೆ ಹೋದ್ರು.

ಜುಂಜ ಯೋಚನೆ ಮಾಡಿದ. ಎಣ್ಣೆ ಎಲ್ಲೈತೆ? ಒಳಗೈತೆ. ಒಳಗಿರೋದು ಒಂದು ತೊಟ್ಟೂ ಹೊರಗೆ ಬರಕೂಡ್ದು. ತಗೊಂಡ ಸ್ಪ್ಯಾನರು! ಕೆಳಗಿನ ಬೋಲ್ಟುಗಳನ್ನೆಲ್ಲ ಇನ್ನೂ ಬಿಗಿದ. ಬಿಗಿದ ಮೇಲೆ ಸಂದುಗಳಿಗೆಲ್ಲ ಸೋಪು ಮೆತ್ತಿದ. ಸೋಪಿನ ಮೇಲೆ ಬಟ್ಟೆ ಸುತ್ತಿದ.

ಉಸ್ತಾದ್ ಬಂದ್ರು. ಎಣ್ಣೆ ಎಲ್ಲ ಇಳಿದಿರ್ತದೆ ಅಂತ ನಂಬಿ ಕೆಳಗೆ ಮಲಗಿ ಅಡಿಯ ಎಣ್ಣೆ ತಟ್ಟೆ ಬಿಚ್ಚಿದ್ರು. ಸುರೀತು ನೋಡಿ! ಬಿಳೀ ಗಡ್ಡ ಕರೀ ಗಡ್ಡ ಆಯ್ತು. ಉಸ್ತಾದ್ ವಯಸ್ಸು ಅರ್ಧಕ್ಕರ್ಧ ಇಳಿದುಹೋಯ್ತು. ಓಬಳೇಶ ನಗು ತಡೆಯೋಕಾಗದೆ ಟೈರ್ ಹಿಂದೆ ಅಡಗಿ ಕೂತ.

"ಪೆದ್ದೇ! ಶತಪೆದ್ದೇ!" ಅಂತ ಗಡ್ಡ ಹಿಂಡ್ತಾ ಕೂಗಿದ್ರು ಉಸ್ತಾದ್. "ಹಳೇದನ್ನ ಎತ್ತಿ ಆಚೆ ಹಾಕ್ಬೇಕು!"

ಕೋಪ ಇಳಿದ ಮೇಲೆ ಗೇರ್‌ಬಾಕ್ಸು ಇಳಿಸಿ ಬಿಚ್ಚಿಸಿ, ಹತ್ತಿರ ಕೂರಿಸ್ಕೊಂಡು ತೋರಿಸಿದ್ರು. ಒಳಗೆ ಹಿಂದೊಂದು ಮುಂದೊಂದು ಡ್ರಮ್ಮು. ಒಂದೊಂದು ಡ್ರಮ್ಮಿನ ಸುತ್ತಲೂ ಒಂದು ಪಟ್ಟಿ, ಸೊಂಟಕ್ಕೆ ಡಾಬು ಕಟ್ಟಿದ ಹಾಗೆ. ಪಟ್ಟಿ ಒಳಮೈಗೆ ಬ್ರೇಕಿಗೆ ಹಾಕೋಂಥ ಲೈನರು. ಹಳೇ ಪಟ್ಟಿ ಸುಟ್ಟು ಕರಕಲಾಗಿತ್ತು. "ಈ ಹೊಸ ಪಟ್ಟಿ ನೋಡು. ಇದನ್ನ ರಾತ್ರಿಯೆಲ್ಲ ಗೇರ್‌ಬಾಕ್ಸಿಗೆ ಹುಯ್ಯೋ ಕೆಂಪೆಣ್ಣೇಲಿ ನೆನೆಸ್ಬೇಕು. ಹೊಸದು ಅಂದ್ರೆ ಒಣಗಿರ್ತದೆ. ಒಣಗಿರೋದು ಸುತ್ಕೊಂಡ್ರೆ ಒಂದೇ ದಿನಕ್ಕೆ ಸುಟ್ಟೋಗ್ತದೆ. ತಿಳೀತಾ? ಹಳೇದು ಆಚೆಗೆ, ಹೊಸದು ಎಣ್ಣೆಗೆ!"

"ಹಂಗೇ ಆಗ್ಲಿ ಉಸ್ತಾದ್ರೇ, ಇನ್ಮೇಲೆ ಹಂಗೇ ಮಾಡ್ತೀನಿ!"

ಪಟ್ಟಿ ನೆನೆಸಿದ. ಸರಿಯಾಗೇ ನೆನೆಸಿದ! ಅಷ್ಟಕ್ಕೇ ನಿಲ್ಲಿಸಿದ್ರೆ ಅವನು ಜುಂಜ ಹೇಗಾಗ್ತಾನೆ?

ಆ ವಾರ ಓಬಳೇಶ ಅವರವ್ವನಿಗೆ ರೇಷ್ಮೆ ಸೀರೆ ತಂದಿದ್ದ, ಬೀಗದ ಕೈ ಕೊಡೋ ದಿನ ಉಟ್ಕೊಳ್ಳಲಿ ಅಂತ. ಸಾಕಮ್ಮ ಅದನ್ನ ಗೋಡೆ ಮೇಲೆ ಒಣಗಾಕೋಳು. ಒಗೆದೇ ಇಲ್ಲದ ಸೀರೇನ ಒಣಗಾಕೋದು ಯಾಕೆ ಹೇಳಿ? ಕೆಂಚಮ್ಮ ನೋಡಲಿ ಅಂತ! ಕೆಂಚಮ್ಮ ನೋಡಿದ್ಲು. ನೋಡಿ ಉರಿದುಹೋದ್ಲು. ಚೀಟಿ ದುಡ್ಡು ಎತ್ತಿ ಅದಕ್ಕಿಂತ ದೊಡ್ಡ ಅಂಚಿನ ಸೀರೆ ತಂದೇ ಬಿಟ್ಲು. ಬೆಳಗ್ಗೆ ಎದ್ದು ನೋಡ್ತಾಳೆ, ಹಳೇ ಸೀರೆಗಳೆಲ್ಲ ಬೀದೀಲಿ ಬಿದ್ದಾವೆ. ಅದರಲ್ಲೊಂದನ್ನ ಹಸು ಅಗೀತಿದೆ. ಹೊಸ ಸೀರೆ? ಬಕೆಟ್ಟಿನಲ್ಲಿ! ಗ್ಯಾರೇಜಿಂದ ತಂದ ಕೆಂಪೆಣ್ಣೇಲಿ ಮುಳುಗಿ ಮಲಗಿದೆ.

"ಏನ್ಲಾ ಇದು!"

"ಹೊಸದು ಕಣವ್ವ. ಒಣಗಿತ್ತು. ಸುತ್ಕೊಂಡ್ರೆ ಸುಟ್ಟೋಗ್ತಿದ್ದೆ. ನಾನ್ ನೋಡಿದ್ದಕ್ಕೆ ಬಚಾವಾದೆ!"

ಕೆಂಚಮ್ಮ ಬಾಯಿ ಬಡ್ಕೊಂಡ್ಲು. ಗೋಡೆ ಆ ಕಡೆಯಿಂದ ಸಾಕಮ್ಮ, "ಯಾಕಕ್ಕ, ಸೀರೆ ಬಣ್ಣ ಬಿಡ್ತಾ?" ಅಂದ್ಲು. ಆ ಮಾತಿಗೇ ಕೆಂಚಮ್ಮನ ಜೀವ ಅರ್ಧ ಹೋಯ್ತು.

"ನೋಡೋ! ಆ ಓಬಳೇಶನ್ನ ನೋಡೋ! ಅವನೂ ಇದೇ ಮನೆತನದ ಕೂಸಲ್ವೇನೋ? ಸ್ವಂತ ಬುದ್ಧಿ ಓಡಿಸ್ಬ್ಯಾಡ. ಅವನು ಏನ್ ಮಾಡ್ತಾನೋ ಅದನ್ನೇ ನೋಡ್ಕೊಂಡು ಮಾಡು. ಅವನಿಗಿಂತ ಒಂದು ಹೆಚ್ಚಾಗೇ ಮಾಡು! ಸಾಕಿ ಮಗ ಒಂದು ಮಾಡಿದ್ರೆ ನನ್ನ ಮಗ ಎರಡು ಮಾಡ್ಬೇಕು!"

"ಹಂಗೇ ಆಗ್ಲಿ ಅವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಅವತ್ತು ಪಟ್ಟಿ ಬಿಗಿಯೋ ದಿನ. ಓಬಳೇಶ ಬಂದು ಉಸ್ತಾದ್‌ಗೆ ಒಂದು ಸಲಾಂ ಹೊಡೆದ, ಜುಂಜ ಎರಡು ಹೊಡೆದ. ಓಬಳೇಶ ನನ್ನಂಗಡೀಲಿ ಒಂದು ಟೀ ಕುಡಿದ, ಜುಂಜ ಎರಡು ಕುಡಿದ. ಓಬಳೇಶ ಸುತ್ತಿಗೆಯಲ್ಲಿ ತಪ್ಪಿ ಒಂದು ಏಟು ಹೆಬ್ಬೆರಳಿಗೆ ಹಾಕ್ಕೊಂಡು "ಅಪ್ಪಾ!" ಅಂದ. ಜುಂಜ ಸುತ್ತಿಗೆ ಇಸ್ಕೊಂಡು ಗುರಿ ಇಟ್ಟು ಎರಡು ಏಟು ಹಾಕ್ಕೊಂಡು "ಅಪ್ಪಾ! ಅಪ್ಪಾ!" ಅಂದ.

ಆಮೇಲೆ ಉಸ್ತಾದ್ ಕುವೈತ್‌ನಿಂದ ತಂದಿದ್ದ ಟಕ್ ಅನ್ನೋ ಸ್ಪ್ಯಾನರು ತೆಗೆದ್ರು. ಎಷ್ಟು ಬಿಗಿಯಾಗಬೇಕೋ ಅಷ್ಟಾದ ಕೂಡಲೇ ಅದು ಟಕ್ ಅನ್ನುತ್ತೆ. "ಪಟ್ಟಿ ಎರಡು. ಮುಂದಿನ ಪಟ್ಟಿ ಓಬಳೇಶ ಬಿಗೀಲಿ. ಹಿಂದಿನದು, ರಿವರ್ಸಿಗೆ ಬೇಕಾದ್ದು, ಜುಂಜ ಬಿಗೀಲಿ. ಎರಡಕ್ಕೂ ಲೆಕ್ಕ ಒಂದೇ. ಟಕ್ ಅನ್ನೋವರೆಗೂ ಸ್ಕ್ರೂ ಬಿಗಿದು ಎರಡು ಸುತ್ತು ವಾಪಸ್ ಬಿಡಿ."

ಓಬಳೇಶ ಬಿಗಿದ. ಟಕ್ ಅಂತು. ಎರಡು ಸುತ್ತು ಬಿಟ್ಟ. ಜುಂಜ ಕಣ್ಣು ಬಿಟ್ಕೊಂಡು ನೋಡಿದ. ತಾನೂ ಬಿಗಿದ. ಟಕ್ ಅಂತು. ಓಬಳೇಶ ಬಿಟ್ಟಿದ್ದು ಎರಡು. ಅವನಿಗಿಂತ ಒಂದು ಹೆಚ್ಚು. ಮೂರು ಸುತ್ತು ಬಿಟ್ಟ!

ಗೇರ್‌ಬಾಕ್ಸು ಏರಿಸಿ, ಹೊಸ ಎಣ್ಣೆ ಹುಯ್ದು ಸ್ಟಾರ್ಟ್ ಮಾಡಿದ್ರು. ಲಾರಿ ಮುಂದಕ್ಕೆ ಹೋಯ್ತು, ಬೆಣ್ಣೆ ಹಂಗೆ. ಅಡ್ಡಡ್ಡ ಬಂದು ನನ್ನಂಗಡಿ ಮುಂದೆ ನಿಂತ್ಕೊಳ್ತು. ರಿವರ್ಸಿಗೆ ಹಾಕಿದ್ರು. ಇಂಜಿನ್ನು ಗುಯ್ಯೋ ಅಂತ ಕಿರುಚ್ತು. ಗಾಡಿ ಮಾತ್ರ ಒಂದಿಂಚು ಹಿಂದಕ್ಕಿಲ್ಲ. ಪಟ್ಟಿ ಸಡಿಲ, ಒಳಗೆ ಡ್ರಮ್ಮು ಅದರ ಪಾಡಿಗೆ ಜಾರ್ತಿದೆ. ಅವತ್ತೆಲ್ಲ ನನ್ನಂಗಡಿಗೆ ಒಂದು ಗಿರಾಕಿ ಬರಲಿಲ್ಲ. ಪಕ್ಕದ ಬೇಕರಿಯೋನು ಭರ್ಜರಿ ವ್ಯಾಪಾರ ಮಾಡಿದ. ಆ ಸಂಕಟ ಇವತ್ತಿಗೂ ಹೋಗಿಲ್ಲ ನನಗೆ.

"ಎಷ್ಟು ಸುತ್ತು ಬಿಟ್ಟೆಯೋ?"

"ಮೂರು! ಓಬಳೇಶನಿಗಿಂತ ಒಂದು ಹೆಚ್ಚು!"

ಉಸ್ತಾದ್ ಈ ಸಲ ಕೂಗಲಿಲ್ಲ. ಸುಸ್ತಾಗಿ ಟೈರ್ ಮೇಲೆ ಕೂತ್ಕೊಂಡ್ರು. "ಬೇಟಾ, ಪಟ್ಟಿ ಯಾರನ್ನೂ ನೋಡಿ ಬಿಗಿಯೋದಲ್ಲ. ಅವನು ಎಷ್ಟು ಬಿಟ್ಟ, ಇವನು ಎಷ್ಟು ಬಿಟ್ಟ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬಿಗಿ ಹೆಚ್ಚಾದ್ರೆ ಸುಟ್ಟೋಗ್ತದೆ, ಸಡಿಲ ಹೆಚ್ಚಾದ್ರೆ ಜಾರ್ತದೆ. ಒಳಗೆ ಗಿರಗಿರ ತಿರುಗ್ತಿರ್ತದಲ್ಲ, ಅದನ್ನ ಪಟ್ಟಿ ಹಿಡಿದು ನಿಲ್ಲಿಸ್ಬೇಕು. ನಿಂತ್ರೇನೇ ಗಾಡಿ ಹೋಗೋದು. ಕಚ್ಚೋವರೆಗೂ ಬಿಗಿ. ಎರಡು ಸುತ್ತು ಬಿಡು. ಅಲುಗಾಡದಂತೆ ಹಿಡಿದು ಮೇಲೊಂದು ನಟ್ಟು ಹಾಕಿ ಬಿಗಿ. ನಟ್ಟು ಹಾಕಿದ ಮೇಲೆ, ನಾನು ಬಂದು ನೋಡೋವರೆಗೂ ಯಾರೇ ಬಡ್ಕೊಂಡ್ರೂ ಬಿಚ್ಚಬೇಡ."

"ಹಂಗೇ ಆಗ್ಲಿ ಉಸ್ತಾದ್ರೇ, ಇನ್ಮೇಲೆ ಹಂಗೇ ಮಾಡ್ತೀನಿ!"

ನಂಬ್ತೀರೋ ಬಿಡ್ತೀರೋ, ಹಂಗೇ ಮಾಡಿದ! ಕಚ್ಚೋವರೆಗೂ ಬಿಗಿದ, ಎರಡು ಸುತ್ತು ಬಿಟ್ಟ, ಹಿಡಿದು ನಟ್ಟು ಹಾಕಿದ. ಉಸ್ತಾದ್ ಅದನ್ನ ಬಿಚ್ಚಿಸಿದ್ರು, ಮತ್ತೆ ಬಿಗಿಸಿದ್ರು. ಹಂಗೇ! ಮತ್ತೂ ಬಿಗಿಸಿದ್ರು. ಹಂಗೇ! ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಉಸ್ತಾದ್ ಅವನ ಬೆನ್ನು ತಟ್ಟಿದ್ರು. ಓಬಳೇಶನ ಮುಖ ಸಪ್ಪಗಾಯ್ತು. ಅವನೂ ಮನುಷ್ಯನೇ ಅಲ್ವಾ?

ಬೀಗದ ಕೈ ಕೊಡೋ ದಿನ ಬಂತು. ಸಾಹುಕಾರ ಬಂದ. ಸಾಕಮ್ಮ ರೇಷ್ಮೆ ಉಟ್ಕೊಂಡು ಬಂದ್ಲು. ಕೆಂಚಮ್ಮ ಎಣ್ಣೆ ಸೀರೇನ ಸೀಗೆಪುಡೀಲಿ ಉಜ್ಜಿ, ಅದನ್ನೇ ಉಟ್ಕೊಂಡು ಬಂದ್ಲು. ನಡೆದ್ರೆ ಪಚಪಚ ಸದ್ದು. ಲಾರಿ ಸರ್ರಂತ ಮುಂದಕ್ಕೆ ಹೋಯ್ತು, ಸರ್ರಂತ ಹಿಂದಕ್ಕೆ ಬಂತು. ಎಲ್ಲರೂ ಚಪ್ಪಾಳೆ!

ಉಸ್ತಾದ್ ಹೇಳಿದ್ರು, "ಬೀಗದ ಕೈ ಓಬಳೇಶನಿಗೆ. ಆದ್ರೆ ಪಟ್ಟಿ ಬಿಗಿಯೋ ಕೆಲಸ ಜುಂಜನದ್ದು. ಇನ್ಯಾರೂ ಮುಟ್ಟೋ ಹಾಗಿಲ್ಲ. ಈ ಗ್ಯಾರೇಜು ಇರೋವರೆಗೂ ಜುಂಜನಿಗೆ ಇಲ್ಲಿ ಕೆಲಸ ಉಂಟು, ಊಟ ಉಂಟು." ಹೇಳಿ, ಓಬಳೇಶನ್ನೂ ಸಾಹುಕಾರನ್ನೂ ಹತ್ತಿಸ್ಕೊಂಡು, ಲಾರಿ ಓಡಿಸಿ ನೋಡೋಣ ಅಂತ ಹೈವೇಗೆ ಹೋದ್ರು.

ಕೆಂಚಮ್ಮನಿಗೆ ಬೇಕಾಗಿದ್ದದ್ದು ಅದೇ ತಾನೇ? ತಾನು ಕಣ್ಣು ಮುಚ್ಚಿದ ಮೇಲೂ ಮಗನಿಗೆ ಒಂದು ತುತ್ತು. ಅದು ಸಿಕ್ತು! ಆದ್ರೆ ಅವಳ ಕಿವಿಗೆ ಬಿದ್ದದ್ದು "ಬೀಗದ ಕೈ ಓಬಳೇಶನಿಗೆ" ಅನ್ನೋದಷ್ಟೇ. ಹೊಟ್ಟೆಕಿಚ್ಚಿಗೆ ಕಿವಿ ಕಿವುಡು ಕಣ್ರಪ್ಪ.

"ಏನ್ ಮಾಟ ಮಾಡ್ಸಿದ್ಯೇ ಸಾಕಿ! ನನ್ನ ಮಗ ದುಡಿಯೋಕೆ, ನಿನ್ನ ಮಗ ಬೀಗ ಹಾಕೋಕಾ?"

"ಅಕ್ಕ ಅಂತ ಸುಮ್ಕಿದ್ದೀನಿ! ಹೆಣ್ಣಿನ ಕಡೆಯೋರಿಗೆ ಗೊರಗೊರ ಅಂತ ಹೇಳ್ಕಳಿಸಿದೋಳಲ್ವಾ ನೀನು?"

ಇವಳು ಅವಳ ತುರುಬು ಹಿಡಿದ್ಲು, ಅವಳು ಇವಳ ತುರುಬು ಹಿಡಿದ್ಲು. ಇಬ್ಬರೂ ಗಿರಗಿರ ತಿರುಗೋಕೆ ಶುರು ಮಾಡಿದ್ರು, ಗ್ಯಾರೇಜಿನ ಅಂಗಳದ ತುಂಬಾ!

ಜುಂಜ ನೋಡಿದ. ಗಿರಗಿರ ತಿರುಗ್ತಿದೆ. ತಿರುಗೋದನ್ನ ಪಟ್ಟಿ ಹಿಡಿದು ನಿಲ್ಲಿಸ್ಬೇಕು! ಲಾರಿ ಲೋಡು ಕಟ್ಟೋ ಬೆಲ್ಟು ತಂದ, ಎಳೆದಂಗೆಲ್ಲ ಒಂದೊಂದೇ ಹಲ್ಲು ಕಚ್ಚಿ ಬಿಗಿಯೋ ಹಿಡಿ ಇರೋ ಗಟ್ಟಿ ಬೆಲ್ಟು. ಇಬ್ಬರ ಸುತ್ತ ಒಟ್ಟಿಗೆ ಹಾಕಿದ. ಬಿಗಿದ. "ಅಯ್ಯಯ್ಯೋ!" ಅಂದ್ಲು ಕೆಂಚಮ್ಮ. ಕಚ್ತು! ಎರಡು ಹಲ್ಲು ಸಡಿಲ ಬಿಟ್ಟ. ಹಿಡಿಗೆ ಒಂದು ಬೋಲ್ಟು ತೂರಿಸಿ, ಮೇಲೊಂದು ನಟ್ಟು ಹಾಕಿ ಬಿಗಿದ.

"ಬಿಚ್ಚೋ ಪೆದ್ದೇ!"

"ಉಸ್ತಾದ್ ಬಂದು ನೋಡೋವರೆಗೂ ಬಿಚ್ಚಂಗಿಲ್ಲ ಅವ್ವ. ಯಾರೇ ಬಡ್ಕೊಂಡ್ರೂ!"

"ಅವಳ ಕಡೆ ಸಡಿಲ ಬಿಟ್ಟು ನನ್ನ ಕಡೆ ಬಿಗಿದಿದ್ದೀಯಲ್ಲೋ!" ಅಂದ್ಲು ಕೆಂಚಮ್ಮ.

"ಎಲ್ಲಿ ಸಡಿಲ? ನಿನಗೇ ಸಡಿಲ, ನೀನು ಹೆತ್ತೋಳಲ್ವಾ!" ಅಂದ್ಲು ಸಾಕಮ್ಮ.

ಕಟ್ಟಿಹಾಕಿಸ್ಕೊಂಡ್ರೂ ಹೊಟ್ಟೆಕಿಚ್ಚು! ಜುಂಜ ತನ್ನ ಕೆಲಸ ತಾನೇ ಮೆಚ್ಕೊಂಡು ಅಲ್ಲೇ ಕೂತು ಬೀಡಾ ಅಗೀತಿದ್ದ. ಸಾಲಿನ ಮೆಕ್ಯಾನಿಕ್ಕುಗಳು ಬಿಚ್ಚೋಕೆ ಬಂದ್ರೆ ಸ್ಪ್ಯಾನರು ಎತ್ತಿ ಹೆದರಿಸೋನು. ಕೂಗಿ ಕೂಗಿ ಹೆಂಗಸರಿಬ್ಬರ ಗಂಟಲು ಬಿತ್ತು. ಮೈಗೆ ಮೈ ತಾಗಿಸ್ಕೊಂಡು ಒಂದೇ ಟೈರ್ ಮೇಲೆ ಕೂತ್ರು. ಬೇರೆ ದಾರಿ ಇರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಸಾಕಮ್ಮ ಮೆಲ್ಲಗೆ ಅಂದ್ಲು, "ಅಕ್ಕ, ನಿನ್ನ ಕಂಡ್ರೆ ನಂಗೆ ಎಷ್ಟು ಹೊಟ್ಟೆ ಉರೀತದೆ ಗೊತ್ತಾ?"

ಕೆಂಚಮ್ಮ ಕಣ್ಣು ಬಿಟ್ಲು. "ನನ್ನ ಕಂಡ್ರಾ? ನನ್ನತ್ರ ಏನೈತೆ ಅಂತ ಉರ್ಕೋತೀಯೆ?"

"ಇವನವ್ನಲ್ಲ! ಹಾಕಿದ್ದು ಉಣ್ತಾನೆ. ಹೇಳಿದ್ದು ಕೇಳ್ತಾನೆ. ನಿನ್ನ ಕಾಲು ಒತ್ತೋ ಸದ್ದು ಗೋಡೆ ದಾಟಿ ಕೇಳಿಸ್ತದೆ ನಂಗೆ. ನನ್ನ ಮಗ ರೇಷ್ಮೆ ತಂದ. ಗಂಟು ಎಸೆದು, ಮೊಬೈಲ್ ನೋಡ್ಕೊಂಡು ಮಲಗಿದ. ಚೆನ್ನಾಗೈತೇನವ್ವ ಅಂತ ಒಂದು ಮಾತಿಲ್ಲ. ನಾನು ಹತ್ತು ಸಲ ಹೇಳಿದ್ರೂ ಒಂದು ಕೇಳಲ್ಲ ಕಣಕ್ಕ ಅವನು. ಇಂಥ ಮಗ ಒಬ್ಬ ನಂಗಿದ್ದಿದ್ರೆ..."

ಕೆಂಚಮ್ಮನ ಎದೆ ತಣ್ಣಗಾಯ್ತು. ಜೀವಮಾನದಲ್ಲಿ ಮೊದಲ ಸಲ ಯಾರೋ ಅವಳನ್ನ ನೋಡಿ ಹೊಟ್ಟೆಕಿಚ್ಚು ಪಟ್ಟಿದ್ರು! ಸಂತೋಷಕ್ಕೆ ನಗು ಉಕ್ಕಿ ಬಂತು. ಆ ಗತ್ತಿನಲ್ಲೇ ಅಂದುಬಿಟ್ಲು, "ಅಷ್ಟೇನಾ! ಹಂಗಾದ್ರೆ ನೀನೇ ಇಟ್ಕೊಳ್ಳೆ! ಹೋಗ್ಲಾ ಜುಂಜ, ಇವತ್ತಿಂದ ಇವಳೇ ನಿಮ್ಮವ್ವ, ನಾನಲ್ಲ!"

ಸಾಕಮ್ಮನೂ ನಕ್ಕಳು. ಇಬ್ಬರೂ ಕಣ್ಣಲ್ಲಿ ನೀರು ಬರೋ ಹಂಗೆ ನಕ್ಕರು. ಜುಂಜ ಒಬ್ಬ ನಗಲಿಲ್ಲ. ಎದ್ದು ನಿಂತು, "ಹಂಗೇ ಆಗ್ಲಿ" ಅಂದ.

ಉಸ್ತಾದ್ ಬಂದು ನಟ್ಟು ಬಿಚ್ಚಿಸಿದ್ರು. ಕೆಂಚಮ್ಮ ಕುಣೀತಾ ಮನೆಗೆ ಹೋದ್ಲು. ನೋಡಿದ್ರೆ ಜುಂಜನ ಚಾಪೆ ಇಲ್ಲ, ತಟ್ಟೆ ಇಲ್ಲ, ಲೋಟ ಇಲ್ಲ. ಗೋಡೆ ಮೇಲಿಂದ ಬಗ್ಗಿ ನೋಡಿದ್ಲು. ಸಾಕಮ್ಮನ ಮನೆ ಪಡಸಾಲೇಲಿ ಚಾಪೆ ಹಾಸ್ಕೊಂಡು ಕೂತಿದ್ದಾನೆ!

ಮೊದಮೊದಲು ಕೆಂಚಮ್ಮನಿಗೆ ನಗುವೇ ಬಂತು. ಹಸಿವಾದ್ರೆ ಬರ್ತಾನೆ ಬಿಡು ಅಂದ್ಕೊಂಡ್ಲು. ಹಸಿವಾಯ್ತು. ಬರಲಿಲ್ಲ. ಸಾಕಮ್ಮ ಬಿಸಿ ಮುದ್ದೆ ಬಡಿಸಿ, ಮೇಲೆ ತುಪ್ಪ ಹಾಕಿದ್ಲು.

"ಇನ್ನೊಂದು ಮುದ್ದೆ ಹಾಕ್ಲಾ ಮಗ?"

"ಹಾಕವ್ವ."

ಅವ್ವ! ಆ ಒಂದು ಮಾತು ಕೆಂಚಮ್ಮನ ಕಿವಿಗೆ ಕಾದ ಸೀಸ ಹುಯ್ದಂಗಾಯ್ತು. ಮಿಕ್ಸಿಗೆ ಉರಿದಿದ್ಲು, ರೇಷ್ಮೆಗೆ ಉರಿದಿದ್ಲು, ಬೀಗದ ಕೈಗೆ ಉರಿದಿದ್ಲು. ಅದೆಲ್ಲ ಬೀಡಿ ಕೆಂಡ. ಇದು ಕಾಡಿಗೆ ಬಿದ್ದ ಬೆಂಕಿ. ಊಟ ಆದ ಮೇಲೆ ಜುಂಜ ಸಾಕಮ್ಮನ ಕಾಲು ಒತ್ತೋಕೆ ಕೂತ. ಆ ಸದ್ದೂ ಗೋಡೆ ದಾಟಿ ಬಂತು. ತಡೆಯೋಕಾಗಲಿಲ್ಲ ಅವಳಿಗೆ. ಓಡಿ ಹೋಗಿ ಸಾಕಮ್ಮನ ಬಾಗಿಲಲ್ಲಿ ನಿಂತ್ಲು.

"ಬಾರ್ಲಾ ಮಗ, ಮನೆಗೆ ಹೋಗಾನ. ಅದು ತಮಾಷೆ ಕಣ್ಲಾ. ನಾನೇ ಕಣೋ ನಿಮ್ಮವ್ವ!"

ಜುಂಜ ಕಾಲು ಒತ್ತೋದು ನಿಲ್ಲಿಸಿ ತಿರುಗಿ ನೋಡಿದ. "ಬರಂಗಿಲ್ಲ ದೊಡ್ಡವ್ವ. ಪಕ್ಕದ ಮನೆಯೋರು ಏನ್ ಹೇಳಿದ್ರೂ ಕೇಳಬ್ಯಾಡ ಅಂತ ನಮ್ಮವ್ವ ಈಗ್ತಾನೇ ಹೇಳವ್ಳೆ."

"ಲೇ ಸಾಕಿ, ನೀನಾದ್ರೂ ಹೇಳೇ!"

ಸಾಕಮ್ಮ ಕಾಲು ಚಾಚಿ, ಕಣ್ಣು ಮುಚ್ಕೊಂಡು ಗೋಡೆಗೆ ಒರಗಿದ್ಲು. ಕೇಳಿಸಿದ್ರೂ ಕೇಳಿಸದಂಗೆ ಇದ್ಲು. ಕೆಂಚಮ್ಮ ಹೊಸಿಲ ಮೇಲೆ ಕುಸಿದು ಕೂತು ಸೆರಗು ಬಾಯಿಗೆ ಹಿಡಿದು ಬಿಕ್ಕೋಕೆ ಶುರು ಮಾಡಿದ್ಲು.

ಜುಂಜನಿಗೆ ಪಾಪ ಅನ್ನಿಸ್ತು. ಸಾಕಮ್ಮನ ಕಿವಿ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ, "ಅವ್ವಾ, ಪಕ್ಕದ ಮನೆ ದೊಡ್ಡವ್ವ ಯಾಕೋ ಅಳ್ತಾ ಕೂತವ್ಳೆ. ನಿಂಗೆ ನಿದ್ದೆ ಕೆಡ್ತದೆ. ಬಾಗಿಲು ಹಾಕ್ಲಾ?"